ತೆಗೆದ ಮೇಲೆ ಬರೀ ನೀರು

ಪಿಲ್ಜಾಳ ಮೂತ್ರದ ವಿಷಯ ಇಡೀ ಊರಿಗೆ ಗೊತ್ತಾದದ್ದು ಜೂನ್ ಹನ್ನೆರಡರ ಬೆಳಿಗ್ಗೆ ಆರು ಗಂಟೆಗೆ, ಧ್ವನಿವರ್ಧಕದಲ್ಲಿ. ಅವಳ ಗಂಡ ಡೂಸಿಕ್ ಊರಿನ ಮುಖ್ಯಸ್ಥ. ವಾಂಡೊ ಕಡೆಯ ಪುಟ್ಟ ದ್ವೀಪದ ಮುಖ್ಯಸ್ಥನಿಗೆ ಅಧಿಕಾರ ಅಂತ ಇರುವುದು ಎರಡೇ, ಊರ ಚಾವಡಿಯ ಬೀಗದ ಕೈ ಮತ್ತು ಮೈಕು. ಬೀಗದ ಕೈಯನ್ನು ಅವನು ತಿಂಗಳಿಗೊಮ್ಮೆ ಕಳೆದುಕೊಳ್ಳುತ್ತಿದ್ದ. ಮೈಕನ್ನು ಮಾತ್ರ ಒಂದು ದಿನವೂ ಕೈಬಿಟ್ಟವನಲ್ಲ.

“ಊರಿನ ಹಿರಿಯರೇ, ತಾಯಂದಿರೇ, ಒಂದು ಸೂಚನೆ,” ಎಂದು ಕಂಬದ ಮೇಲಿನ ಕೊಳವೆ ಗೊರಗೊರ ಅಂದಿತು. “ನಮ್ಮನೆಯಾಕೆಗೆ ಇಪ್ಪತ್ತಾರನೇ ತಾರೀಖು ಗ್ವಾಂಗ್ಜುನಲ್ಲಿ ಚಿಕಿತ್ಸೆ ಇದೆ. ಅಷ್ಟರೊಳಗೆ ಆಕೆ ಮೈಯಲ್ಲಿ ಅಯೋಡಿನ್ನು ಇಳೀಬೇಕಂತೆ. ಮೂತ್ರ ಪರೀಕ್ಷೆ ಮಾಡ್ತಾರೆ. ಯಾರೂ ಆಕೆಗೆ ಮಿಯೋಕ್ ಆಗ್ಲಿ, ದಸಿಮಾ ಆಗ್ಲಿ, ಸಮುದ್ರದ್ದು ಏನೇ ಆಗ್ಲಿ ಕೊಡ್ಬೇಡಿ. ಫೇಲಾದ್ರೆ ಊರಿನ ಮರ್ಯಾದೆ ಹೋಗುತ್ತೆ.” ಆಮೇಲೆ ಮೈಕಿಗೆ ಎರಡು ಸಲ ಊದಿ, ಪದ್ಧತಿಯಂತೆ, ಎಲ್ಲವನ್ನೂ ಮೊದಲಿನಿಂದ ಇನ್ನೊಮ್ಮೆ ಹೇಳಿದ.

ಪಿಲ್ಜಾ ಹಾಸಿಗೆಯಲ್ಲೇ ಹೊದಿಕೆಯನ್ನು ಮುಖದ ಮೇಲೆ ಎಳೆದುಕೊಂಡಳು. ಐವತ್ತೆಂಟು ವರ್ಷ ಮಾನದಿಂದ ಬದುಕಿದವಳ ಮೂತ್ರದಲ್ಲಿ ಈಗ ಊರಿನ ಮರ್ಯಾದೆ ತೇಲುತ್ತಿತ್ತು. ಹಿಂದಿನ ಸಂಜೆಯಷ್ಟೇ ಗಂಡನಿಗೆ ಒಂದೇ ಒಂದು ಮಾತು ಹೇಳಿದ್ದಳು, ಇದನ್ನು ಯಾರಿಗೂ ಹೇಳಬೇಡಿ ಎಂದು. ಅವನು ಬಹಳ ಗಂಭೀರವಾಗಿ ತಲೆಯಾಡಿಸಿದ್ದ. ಆ ತಲೆ ಗಾಳಿ ಬೀಸಿದರೂ ಆಡುತ್ತದೆ ಎನ್ನುವುದು ಮೂವತ್ತೆರಡು ವರ್ಷ ಸಂಸಾರ ಮಾಡಿದವಳಿಗೆ ತಿಳಿದಿರಬೇಕಿತ್ತು.

ಮಾರ್ಚಿನಲ್ಲಿ ಅವಳ ಥೈರಾಯ್ಡ್ ಗ್ರಂಥಿಯಲ್ಲಿ ಕಡಲೆಕಾಳಿನಷ್ಟು ಕ್ಯಾನ್ಸರ್ ಸಿಕ್ಕಿತ್ತು. ಗ್ರಂಥಿಯನ್ನೇ ತೆಗೆದುಹಾಕಿದ್ದರು. ಅಲ್ಲಿ ಇಲ್ಲಿ ಉಳಿದಿರಬಹುದಾದ ಕಣಗಳನ್ನು ಕೊಲ್ಲಲು ವಿಕಿರಣ ತುಂಬಿದ ಅಯೋಡಿನ್ ಗುಳಿಗೆ ನುಂಗಬೇಕಿತ್ತು. ಆಸ್ಪತ್ರೆಯ ಡಾಕ್ಟರು ಮಗಳ ವಯಸ್ಸಿನ ಹುಡುಗಿ, ತಾಳ್ಮೆಯಿಂದ ಬಿಡಿಸಿ ಹೇಳಿದ್ದಳು. ಆ ಕಣಗಳಿಗೆ ಅಯೋಡಿನ್ ಎಂದರೆ ಪ್ರಾಣ. ಎರಡು ವಾರ ಅವುಗಳನ್ನು ಉಪವಾಸ ಕೆಡವಿದರೆ, ಆಮೇಲೆ ಕೊಟ್ಟ ವಿಷವನ್ನೂ ಗಬಗಬ ತಿಂದು ಸಾಯುತ್ತವೆ. ಹೊಟ್ಟೆ ತುಂಬಿದ್ದರೆ ಗುಳಿಗೆಯನ್ನು ಮೂಸಿಯೂ ನೋಡುವುದಿಲ್ಲ. ಹಾಗಾಗಿ ದಾಖಲಾಗುವ ಎರಡು ದಿನ ಮೊದಲು ಮೂತ್ರ ಪರೀಕ್ಷೆ, ಅದರಲ್ಲಿ ಅಯೋಡಿನ್ ನೂರರ ಒಳಗೆ ಬರಬೇಕು. ನಿಮ್ಮ ದ್ವೀಪದವರಲ್ಲಿ ಸಾವಿರ ದಾಟಿದವರನ್ನೂ ನೋಡಿದ್ದೇನೆ ಎಂದು ಅವಳು ಹೇಳಿದ್ದನ್ನು ಡೂಸಿಕ್ ಹೊಗಳಿಕೆ ಎಂದುಕೊಂಡು ಕೈಮುಗಿದಿದ್ದ.

ನೂರು ದಾಟಿದರೆ ಏನಾಗುತ್ತದೆ ಎನ್ನುವುದನ್ನೂ ಡಾಕ್ಟರು ಹೇಳಿದ್ದಳು. ಗುಳಿಗೆ ನುಂಗಿದವರನ್ನು ಬೇರೆಯಾಗಿ ಇಡುವ ಸೀಸದ ಗೋಡೆಯ ಕೋಣೆ ಇರುವುದು ಎರಡೇ, ತಪ್ಪಿಹೋದರೆ ಮತ್ತೆ ಸಿಗುವುದು ಅಕ್ಟೋಬರಿನಲ್ಲಿ. ಅಲ್ಲಿಯವರೆಗೆ ಜೀವಕ್ಕೇನೂ ಅಪಾಯವಿಲ್ಲ. ಆದರೆ ಗುಳಿಗೆಗೆ ಮುಂಚೆ ಪಿಲ್ಜಾ ದಿನವೂ ನುಂಗುವ ಥೈರಾಯ್ಡ್ ಮಾತ್ರೆಯನ್ನು ನಾಲ್ಕು ವಾರ ನಿಲ್ಲಿಸಬೇಕು. ಮೇ ಕೊನೆಯಲ್ಲಿ ನಿಲ್ಲಿಸಿದ್ದಾಯಿತು. ಮುಖ ಊದಿಕೊಂಡು, ಜೂನ್ ಬಿಸಿಲಲ್ಲೂ ಉಣ್ಣೆಯ ಕಾಲುಚೀಲ ಹಾಕಿಕೊಂಡು, ಅಡುಗೆಮನೆಯಿಂದ ಅಂಗಳಕ್ಕೆ ಹೋಗುವುದೇ ದಂಡಯಾತ್ರೆಯಾಗಿತ್ತು. ಪರೀಕ್ಷೆ ತಪ್ಪಿದರೆ ಇದೆಲ್ಲ ಮತ್ತೆ ಮೊದಲಿನಿಂದ. ಅದನ್ನು ನೆನೆದರೇ ಅವಳಿಗೆ ಅಳು ಬರುತ್ತಿತ್ತು.

ಎರಡು ವಾರ ಅಯೋಡಿನ್ ಇಲ್ಲದೆ ಬದುಕಲು ಪ್ರಪಂಚದಲ್ಲಿ ಎಷ್ಟೋ ಊರುಗಳಿವೆ. ಆ ದ್ವೀಪ ಮಾತ್ರ ಅವುಗಳಲ್ಲಿ ಒಂದಲ್ಲ. ಜೂನ್ ಎಂದರೆ ದಸಿಮಾ ಒಣಗಿಸುವ ಕಾಲ. ಆಳುದ್ದದ ದಪ್ಪ ಕಡಲಸೊಪ್ಪು ಅಂಗಳದಲ್ಲಿ, ರಸ್ತೆಯ ಅಂಚಿನಲ್ಲಿ, ಶಾಲೆಯ ಮೈದಾನದಲ್ಲಿ ಕಪ್ಪಗೆ ಹರಡಿಕೊಂಡು ಬಿದ್ದಿರುತ್ತದೆ. ಗೂಡಿನಲ್ಲಿ ಸಾಕುವ ಚಿಪ್ಪುಜೀವಿಗಳಿಗೆ ಅದೇ ಮೇವು, ಸಾಕಿದವರಿಗೂ ಅದೇ. ಮಲಬದ್ಧತೆಗೆ ದಸಿಮಾ, ಭೇದಿಗೂ ದಸಿಮಾ. ಬಾಣಂತಿಗೆ ತೆಳ್ಳಗಿನ ಮಿಯೋಕ್ ಸೊಪ್ಪಿನ ಸಾರು, ಹುಟ್ಟಿದ ಹಬ್ಬಕ್ಕೆ ಅದೇ ಸಾರು. ಪರೀಕ್ಷೆಯ ದಿನ ಮಾತ್ರ ಅದನ್ನು ಯಾರೂ ಮುಟ್ಟುವುದಿಲ್ಲ, ಸೊಪ್ಪು ಜಾರುತ್ತದಲ್ಲ, ತಿಂದವನೂ ಜಾರುತ್ತಾನೆ. ಅಲ್ಲಿ ಫೇಲಾದ ಎನ್ನುವುದಕ್ಕೆ ಮಿಯೋಕ್ ಸಾರು ತಿಂದ ಎಂದೇ ಹೇಳುತ್ತಾರೆ. ಪಿಲ್ಜಾಳ ಮಗಳು ಸೋರಾ ಕಾರು ಓಡಿಸುವ ಲೈಸೆನ್ಸಿಗೆ ಮೂರು ಸಲ ಮಿಯೋಕ್ ಸಾರು ತಿಂದು, ಈಗ ಮೊಕ್ಪೊ ಪಟ್ಟಣದಲ್ಲಿ ಬೇರೆಯವರಿಗೆ ಕಾರು ಕಲಿಸುತ್ತಿದ್ದಳು.

ಧ್ವನಿವರ್ಧಕ ಬಾಯಿ ಮುಚ್ಚಿ ಅರ್ಧ ಗಂಟೆಯಾಗಿರಲಿಲ್ಲ, ಪಕ್ಕದ ಮನೆಯ ಹೇನಾಮಕ್ಕ ಮುಚ್ಚಿದ ಬಟ್ಟಲು ಹಿಡಿದು ಬಂದಳು. ಹೇನಾಮ್ ಎನ್ನುವುದು ಅವಳ ತವರೂರು. ಸೊಸೆಯಾಗಿ ಬಂದವರ ನಿಜವಾದ ಹೆಸರನ್ನು ಆ ದ್ವೀಪದಲ್ಲಿ ಅಂಚೆಯವನು ಬಿಟ್ಟರೆ ಯಾರೂ ನೆನಪಿಟ್ಟುಕೊಳ್ಳುವುದಿಲ್ಲ. ಬಟ್ಟಲಲ್ಲಿ ಸಣ್ಣ ಒಣಮೀನಿನ ಪಲ್ಯ ಇತ್ತು.

“ಇದು ಸೊಪ್ಪಲ್ಲ ಕಣೇ, ಮೀನು. ಮೀನಲ್ಲಿ ಎಲ್ಲಿಂದ ಬರುತ್ತೆ ಅಯೋಡಿನ್ನು?”

“ಸಮುದ್ರದಲ್ಲಿ ಇರೋದೆಲ್ಲ ಆಗಲ್ಲ ಅಕ್ಕ.”

“ನಾವೂ ಸಮುದ್ರದಲ್ಲೇ ಇರೋದು. ಹಂಗಾದ್ರೆ ನನ್ನನ್ನೂ ತಿನ್ನಬಾರ್ದು ಅನ್ನು,” ಎಂದು ಹೇನಾಮಕ್ಕ ಮುಖ ಗಂಟು ಹಾಕಿಕೊಂಡು ಹೊರಟುಹೋದಳು, ಬಟ್ಟಲು ಅಲ್ಲೇ ಬಿಟ್ಟು.

ಮಧ್ಯಾಹ್ನದೊಳಗೆ ಇನ್ನೂ ನಾಲ್ಕು ಜನ ಬಂದರು. ಒಬ್ಬರ ಪ್ರಕಾರ ಉಪ್ಪು ಹಾಕಿ ಕೊಳೆಸಿದ ಸಿಗಡಿ ಎನ್ನುವುದು ಮೀನಿನ ಜಾತಿಯೇ ಅಲ್ಲ. ಇನ್ನೊಬ್ಬ ಹಿರಿಯರ ಪ್ರಕಾರ ಅನ್ನ ಸುತ್ತಿ ತಿನ್ನುವ ಗಿಮ್ ಕಾಗದದಷ್ಟು ತೆಳ್ಳಗಿರುವುದರಿಂದ ಅದನ್ನು ಕಡಲಸೊಪ್ಪು ಎನ್ನುವುದು ದೊಡ್ಡ ಮಾತಾಯಿತು. ಕೊಡಬೇಡಿ ಎಂದು ಸಾರಿದ್ದಕ್ಕೆ ಪಿಲ್ಜಾಳ ಮನೆಯಲ್ಲಿ ಅಂದು ಸೇರಿದಷ್ಟು ಸಮುದ್ರ ಹಿಂದೆಂದೂ ಸೇರಿರಲಿಲ್ಲ. ಎಲ್ಲವನ್ನೂ ಡೂಸಿಕ್ ತಿಂದ. ನಡುವೆ ಅವನಿಗೂ ಒಂದು ಸಂಶಯ ಬಂತು, ಸಮುದ್ರದ ಗಾಳಿ ಕುಡಿದರೆ ಅಯೋಡಿನ್ ಏರುತ್ತದೆಯೇ ಎಂದು. ಆಸ್ಪತ್ರೆಗೇ ಫೋನು ಮಾಡಿ ಕೇಳಿದ. ಉಸಿರಾಡಲು ಅಡ್ಡಿಯಿಲ್ಲ ಎಂದು ನರ್ಸಮ್ಮ ಅನುಮತಿ ಕೊಟ್ಟಳಂತೆ.

ಆಸ್ಪತ್ರೆ ಕೊಟ್ಟ ಚೀಟಿಯನ್ನು ಪಿಲ್ಜಾ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದಳು. ಸಮುದ್ರದ್ದು ಏನೂ ಇಲ್ಲ, ಕಡಲ ಉಪ್ಪು ಇಲ್ಲ. ಆ ಉಪ್ಪು ಹಾಕಿದ ಕಿಮ್ಚಿ, ಸೋಯಾ ರಸ, ಹುದುಗಿಸಿದ ಕಾಳಿನ ಮುದ್ದೆ ಇಲ್ಲ. ಹಾಲು ಇಲ್ಲ, ಮೊಟ್ಟೆಯ ಹಳದಿ ಇಲ್ಲ. ಅನ್ನ, ಸೌತೆಕಾಯಿ, ಆಲೂಗಡ್ಡೆ, ಮೊಟ್ಟೆಯ ಬಿಳಿ, ಮತ್ತು ಆಸ್ಪತ್ರೆಯವರೇ ಕೊಟ್ಟ, ಕಾರ್ಖಾನೆಯಲ್ಲಿ ಶುದ್ಧ ಮಾಡಿದ ಉಪ್ಪಿನ ಒಂದು ಪೊಟ್ಟಣ, ಇಷ್ಟು ಇದೆ. ಎಂಬತ್ತಾರು ವರ್ಷದ ಅತ್ತೆ ಡೊಕ್‌ಸಿಮ್ ಕನ್ನಡಕ ಏರಿಸಿ ಚೀಟಿಯನ್ನು ಮೇಲಿಂದ ಕೆಳಗೆ ಓದಿದಳು.

“ಹಂಗಾದ್ರೆ ತಿನ್ನೋಕೆ ಉಳಿದಿದ್ದು ಈ ಚೀಟಿ ಒಂದೇ,” ಅಂದಳು.

ಚೀಟಿಯಲ್ಲಿ ಬರೆಯದ ಒಂದು ವಸ್ತು ಫ್ರಿಜ್ಜಿನ ಒಳಗಿತ್ತು, ದೊಡ್ಡ ಗಾಜಿನ ಜಾಡಿ. ಆ ಮನೆಯಲ್ಲಿ ನೀರು ಎರಡು ಥರ. ಕುಡಿಯುವುದಕ್ಕೆ ಹುರಿದ ಬಾರ್ಲಿ ಹಾಕಿ ಕುದಿಸಿದ ನೀರು. ಅಡುಗೆಗೆ ಅಡುಗೆ ನೀರು, ಅಂದರೆ ರಾತ್ರಿ ದಸಿಮಾ ತುಂಡು ನೆನೆಹಾಕಿ ಬೆಳಿಗ್ಗೆ ಸೊಪ್ಪು ತೆಗೆದ ನೀರು. ಅದನ್ನು ಯಾರೂ ದಸಿಮಾ ನೀರು ಎನ್ನುವುದಿಲ್ಲ, ಅಡುಗೆಗೆ ಬೇರೆ ನೀರು ಇರುತ್ತದೆ ಎಂದೇ ಅಲ್ಲಿ ಯಾರಿಗೂ ಹೊಳೆದಿಲ್ಲ. ಪಿಲ್ಜಾ ಬೆಟ್ಟದ ಕಡೆಯಿಂದ ಬಂದವಳಾದ್ದರಿಂದ ಅವಳಿಗೆ ಹೊಳೆಯಿತು. ಮೊದಲ ದಿನವೇ ಜಾಡಿಯನ್ನು ಬರಿದು ಮಾಡಿ, ತಿಕ್ಕಿ ತೊಳೆದು, ನಲ್ಲಿ ನೀರು ತುಂಬಿಟ್ಟಳು. ಇನ್ನೆರಡು ವಾರ ಇದರಲ್ಲಿ ನಲ್ಲಿ ನೀರೇ, ದಸಿಮಾ ಇರಕೂಡದು ಎಂದು ಅತ್ತೆಗೆ ಕೈಮುಗಿದು ಹೇಳಿದಳು. ಇರೋದಿಲ್ಲ ಬಿಡು ಎಂದಳು ಅತ್ತೆ.

ಅತ್ತೆ ಸೊಸೆಯ ನಡುವೆ ಜಗಳ ಇರಲಿಲ್ಲ. ಒಂದು ಗಂಜಿಯ ಬಟ್ಟಲು ಇತ್ತು. ಪಿಲ್ಜಾಳ ತವರು ಗುರ್ಯೆ, ಜಿರಿಸಾನ್ ಬೆಟ್ಟದ ಬುಡ. ಅಲ್ಲಿ ಮಿಯೋಕ್ ಎಂದರೆ ಸಂತೆಯಿಂದ ತಂದು ಬಟ್ಟೆಯಲ್ಲಿ ಸುತ್ತಿಡುವ ಪದಾರ್ಥ. ಕಡಲೂರಿಗೆ ಕೊಟ್ಟರೆ ಮಗಳು ಬಾಣಂತನದಲ್ಲಿ ಮಿಯೋಕ್ ಸಾರಿನಲ್ಲೇ ಈಜಾಡುತ್ತಾಳೆ ಎಂದು ಅವಳ ತಾಯಿ ಊರೆಲ್ಲ ಹೇಳಿಕೊಂಡು ತಿರುಗಿದ್ದಳು. ಮದುವೆಯಾದ ಮರುವರ್ಷ ಸೋರಾ ಹುಟ್ಟಿದಳು. ಹೆಣ್ಣು ಎಂದು ಕೇಳಿದ ಅತ್ತೆ ಒಳಗೆ ಹೋಗಿ, ಬರೀ ನೀರಿನಲ್ಲಿ ಬೇಯಿಸಿದ ಬಿಳಿ ಗಂಜಿಯ ಬಟ್ಟಲನ್ನು ಬಾಣಂತಿಯ ಮುಂದೆ ಇಟ್ಟು, ದಸಿಮಾ ಒಣಹಾಕಲು ಹೊರಟುಹೋಗಿದ್ದಳು. ಹೊರಗೆ ಸಮುದ್ರವೇ ಸೊಪ್ಪಾಗಿ ಬಿದ್ದಿತ್ತು, ಬಾಣಂತಿಯ ಬಟ್ಟಲಿಗೆ ಒಂದು ಎಸಳು ಬೀಳಲಿಲ್ಲ. ಆಮೇಲೆ ಆ ಮಾತನ್ನು ಯಾರೂ ಎತ್ತಲಿಲ್ಲ. ಅತ್ತೆ ಮರೆತಿದ್ದಾಳೆ ಎಂದೇ ಪಿಲ್ಜಾ ತಿಳಿದಿದ್ದಳು. ಅವಳು ಮಾತ್ರ ಮೂವತ್ತೊಂದು ವರ್ಷ, ಪ್ರತಿ ಹುಟ್ಟಿದ ದಿನ ತನ್ನ ಸಾರು ತಾನೇ ಮಾಡಿಕೊಂಡು ತಿನ್ನುವಾಗ, ಆ ಗಂಜಿಯನ್ನು ತಪ್ಪದೆ ನೆನೆದಿದ್ದಳು.

ಈ ವರ್ಷ ಅವಳ ಹುಟ್ಟಿದ ದಿನ ಹದಿನೇಳನೇ ತಾರೀಖಿಗೆ ಬಂತು, ಪಥ್ಯದ ಆರನೇ ದಿನ. ಬೆಳಿಗ್ಗೆ ಎಳ್ಳೆಣ್ಣೆಯಲ್ಲಿ ಏನೋ ಹುರಿಯುವ ವಾಸನೆಗೆ ಎಚ್ಚರವಾಗಿ, ಗೋಡೆ ಹಿಡಿದುಕೊಂಡು ಅಡುಗೆಮನೆಗೆ ಬಂದಳು. ಅತ್ತೆ ಒಲೆಯ ಮುಂದೆ ನಿಂತಿದ್ದಳು. ಬೆನ್ನು ಬಾಗಿ ಬಾಗಿ ಈಗ ಪಾತ್ರೆಯ ಎತ್ತರಕ್ಕೆ ಬಂದಿದ್ದ ಮುದುಕಿ, ಎರಡು ಕೈಯಲ್ಲಿ ಸೌಟು ಹಿಡಿದು ಹಸಿರು ಸಾರನ್ನು ಬಟ್ಟಲಿಗೆ ಬಗ್ಗಿಸುತ್ತಿದ್ದಳು. ಮಿಯೋಕ್ ಸಾರು.

“ಕೂತ್ಕೋ. ನಿನ್ನ ಹುಟ್ಟಿದ ದಿನ.”

“ಅತ್ತೆ, ಚೀಟಿ ಓದಿದ್ರಲ್ಲ.”

“ಓದ್ದೆ. ಹುಟ್ಟಿದ ದಿನದ ಸಾರು ತಿನ್ನಬಾರ್ದು ಅಂತ ಎಲ್ಲೂ ಬರ್ದಿಲ್ಲ.”

ಪಿಲ್ಜಾ ಬಟ್ಟಲನ್ನು ನೋಡಿದಳು. ಮೂವತ್ತೊಂದು ವರ್ಷ ಬಾರದ ಸಾರು ಬರುವುದಕ್ಕೆ ಆರಿಸಿಕೊಂಡದ್ದು ಈ ಬೆಳಿಗ್ಗೆಯನ್ನೇ. ಹಿಂದಿನ ತಿಂಗಳು ಬಂದಿದ್ದರೆ ಪಾತ್ರೆ ನೆಕ್ಕಿಬಿಡುತ್ತಿದ್ದಳು. ಅಳಬೇಕು ಅನಿಸಿತು, ಬಟ್ಟಲನ್ನು ಎತ್ತಿ ಅಂಗಳಕ್ಕೆ ಎಸೆಯಬೇಕು ಎಂದೂ ಅನಿಸಿತು. ಎರಡಕ್ಕೂ ಮೈಯಲ್ಲಿ ಶಕ್ತಿ ಇರಲಿಲ್ಲ. ಆಗಲ್ಲ ಅತ್ತೆ, ಎಂದಷ್ಟೇ ಹೇಳಿದಳು. ಮುದುಕಿ ಸಾರನ್ನು ಮತ್ತೆ ಪಾತ್ರೆಗೆ ಸುರಿದಳು. ಹಾಳಾಗಬಾರದು ಎಂದು ಡೂಸಿಕ್ ಎರಡು ಬಟ್ಟಲು ಕುಡಿದು, ಅಮ್ಮನ ಕೈರುಚಿ ಯಾರಿಗೂ ಬರೋದಿಲ್ಲ ಎಂದು ಹೊಗಳಿ, ಹೆಂಡತಿಯ ಹುಟ್ಟುಹಬ್ಬವನ್ನು ಚೆನ್ನಾಗಿ ಆಚರಿಸಿದ.

ಎರಡು ದಿನ ಕಳೆದ ಮೇಲೆ ಪಿಲ್ಜಾ ತನ್ನ ಪುಟ್ಟ ಪಾತ್ರೆಯಲ್ಲಿ ಗಂಜಿಗಿಟ್ಟು, ನಿಂತಲ್ಲೇ ತೂಕಡಿಸಿ, ಪಾತ್ರೆ ಕರಕಲಾಗುವವರೆಗೆ ಎಚ್ಚರವಾಗಲಿಲ್ಲ. ಅತ್ತೆ ಬಂದು ಗ್ಯಾಸು ಆರಿಸಿದಳು. “ಹೋಗಿ ಮಲ್ಕೋ. ನಿನ್ನ ಗಂಜಿ ನಾನು ನೋಡ್ಕೋತೀನಿ,” ಅಂದಳು. ಹುಟ್ಟಿದ ದಿನದ ನಂತರ ಅವಳು ಸೊಸೆಯೊಂದಿಗೆ ಆಡಿದ ಮೊದಲ ಮಾತು ಅದು.

ನೋಡಿಕೊಂಡಳು ಎಂದರೆ ಕಾವಲು ನಾಯಿಯ ಹಾಗೆ ನೋಡಿಕೊಂಡಳು. ಸೊಸೆಯ ಚಮಚೆ ಬೇರೆ ಇಟ್ಟಳು. ಆಸ್ಪತ್ರೆಯ ಉಪ್ಪಿನ ಪೊಟ್ಟಣವನ್ನು ಸೆರಗಿಗೆ ಕಟ್ಟಿಕೊಂಡವಳ ಹಾಗೆ ಜೇಬಿನಲ್ಲೇ ಇಟ್ಟುಕೊಂಡಳು. ಇನ್ನೊಮ್ಮೆ ಒಣಮೀನು ತಂದ ಹೇನಾಮಕ್ಕನನ್ನು ಪೊರಕೆ ತೋರಿಸಿ ಗೇಟಿನಿಂದಲೇ ಓಡಿಸಿದಳು. ದಿನಕ್ಕೆ ಮೂರು ಹೊತ್ತು ಬಿಸಿ ಗಂಜಿ, ಪಕ್ಕದಲ್ಲಿ ನಾಲ್ಕು ಹೋಳು ಸೌತೆಕಾಯಿ. ಪಿಲ್ಜಾಗೆ ಆಶ್ಚರ್ಯವೆಂದರೆ ಗಂಜಿ ರುಚಿಯಾಗಿತ್ತು. ತಾನೇ ಮಾಡಿಕೊಂಡಾಗ ಗೋಡೆಯ ಸುಣ್ಣ ತಿಂದ ಹಾಗಿರುತ್ತಿದ್ದ ಅದೇ ಅಕ್ಕಿ, ಈಗ ನಾಲಿಗೆಯ ಮೇಲೆ ನಿಲ್ಲುತ್ತಿತ್ತು. ಒಂದು ದಿನ ಕೇಳಿಯೂ ಕೇಳಿದಳು, ಇದಕ್ಕೆ ಏನು ಹಾಕಿದಿರಿ ಎಂದು.

“ಅಕ್ಕಿ, ನೀರು, ನಿನ್ನ ಆಸ್ಪತ್ರೆ ಉಪ್ಪು,” ಅಂದಳು ಅತ್ತೆ. ಫ್ರಿಜ್ಜು ತೆರೆದು ನೋಡಿದರೆ ಜಾಡಿಯ ನೀರು ತಿಳಿಯಾಗಿತ್ತು, ಒಂದು ಎಸಳು ಸೊಪ್ಪು ಇರಲಿಲ್ಲ. ಹಸಿವಿನಿಂದ ನಾಲಿಗೆ ಚುರುಕಾಗಿರಬೇಕು ಎಂದುಕೊಂಡು ಪಿಲ್ಜಾ ಇನ್ನೂ ಅರ್ಧ ಬಟ್ಟಲು ಹಾಕಿಸಿಕೊಂಡಳು.

ಇಪ್ಪತ್ನಾಲ್ಕರ ಬೆಳಿಗ್ಗೆ ಸೋರಾ ಕಾರು ತಂದು ಅಮ್ಮನನ್ನು ಗ್ವಾಂಗ್ಜುಗೆ ಕರೆದುಕೊಂಡು ಹೋದಳು. ಡೂಸಿಕ್ ಅಂದಿನ ಸೂಚನೆಯಲ್ಲಿ ಊರಿನವರೆಲ್ಲ ಮನಸ್ಸಿನಲ್ಲೇ ಪ್ರಾರ್ಥನೆ ಮಾಡಬೇಕೆಂದು ಕೋರಿದ್ದ. ಪಿಲ್ಜಾ ಪುಟ್ಟ ಡಬ್ಬಿ ತುಂಬಿಸಿ ಕೊಟ್ಟು, ಆಸ್ಪತ್ರೆಯ ಬೆಂಚಿನ ಮೇಲೆ ಕಾಲುಚೀಲ ಎಳೆದುಕೊಳ್ಳುತ್ತ ಕೂತಳು. ಹದಿಮೂರು ದಿನ ಒಂದು ತುಣುಕು ಕಿಮ್ಚಿ ಮುಟ್ಟಿಲ್ಲ, ನೂರರ ಒಳಗೆ ಬಾರದೆ ಎಲ್ಲಿಗೆ ಹೋಗುತ್ತದೆ ಎಂಬ ಧೈರ್ಯ ಇತ್ತು. ಮಧ್ಯಾಹ್ನ ಡಾಕ್ಟರು ಒಳಗೆ ಕರೆದಳು. ಕಂಪ್ಯೂಟರಿನ ಪರದೆಯಲ್ಲಿ ಇದ್ದದ್ದು ಸಾವಿರದ ಮುನ್ನೂರ ನಲವತ್ತು.

ಏನೇನು ತಿಂದಿರಿ ಎಂದು ಡಾಕ್ಟರು ಕೇಳಿದಳು. ಪಿಲ್ಜಾ ಹೇಳಿದಳು. ಇನ್ನೊಮ್ಮೆ ಕೇಳಿದಳು, ಇನ್ನೊಮ್ಮೆ ಹೇಳಿದಳು. ಅಕ್ಕಿ, ನೀರು, ಉಪ್ಪು, ಸೌತೆಕಾಯಿ.

“ಅಮ್ಮಾ, ಗಂಜಿಯಿಂದ ಇಷ್ಟು ಬರಲ್ಲ,” ಎಂದಳು ಡಾಕ್ಟರು, ಕದ್ದು ತಿಂದ ಮಗುವಿನ ಬಾಯಿಂದ ನಿಜ ಹೊರಡಿಸುವ ಟೀಚರಿನ ದನಿಯಲ್ಲಿ. “ತಿಂದಿದ್ರೆ ಪರವಾಗಿಲ್ಲ, ಹೇಳಿಬಿಡಿ.”

ಹೇಳಲು ಏನೂ ಇರಲಿಲ್ಲ. ಮನೆಯಲ್ಲಿ ತಿನ್ನುವ ಗಂಡ ಬಟ್ಟಲುಗಟ್ಟಲೆ ತಿಂದು ಮೈಕು ಹಿಡಿದು ಸುಖವಾಗಿದ್ದ, ಸೌತೆಕಾಯಿ ಕಡಿದವಳು ಕಳ್ಳಿಯಾಗಿ ಕೂತಿದ್ದಳು. ಕೋಣೆಯನ್ನು ಪಟ್ಟಿಯಲ್ಲಿದ್ದ ಮುಂದಿನವರಿಗೆ ಕೊಟ್ಟರು. ಅವಳಿಗೆ ಅಕ್ಟೋಬರ್ ಒಂಬತ್ತು. ಮಾತ್ರೆಯನ್ನು ಇವತ್ತೇ ಶುರು ಮಾಡಿ, ಸೆಪ್ಟೆಂಬರಿನಲ್ಲಿ ಮತ್ತೆ ನಿಲ್ಲಿಸಬೇಕು. ಹೊರಗೆ ಬಂದ ಮೇಲೆ ಸೋರಾ ಅಮ್ಮನ ತೋಳು ಹಿಡಿದುಕೊಂಡಳು.

“ನೀನೂ ಮಿಯೋಕ್ ಸಾರು ತಿಂದ್ಬಿಟ್ಟೆ ಕಣಮ್ಮ. ಹೋಗ್ಲಿ ಬಿಡು, ನಾನು ಮೂರು ಸಲ ತಿಂದಿದ್ದೆ.”

ಮಗಳು ನಗಿಸಲೆಂದೇ ಹೇಳಿದ್ದಳು. ಪಿಲ್ಜಾಗೆ ನಗು ಬರಲಿಲ್ಲ. ದಾರಿಯುದ್ದಕ್ಕೂ ಕಾರಿನ ಕಿಟಕಿಗೆ ತಲೆ ಆನಿಸಿ, ತಿಂದದ್ದನ್ನೆಲ್ಲ ಒಂದೊಂದಾಗಿ ಹಿಂದಕ್ಕೆ ಎಣಿಸುತ್ತಿದ್ದಳು. ಸೇತುವೆ ದಾಟುವ ಹೊತ್ತಿಗೆ ಎಣಿಕೆ ಗಂಜಿಯ ರುಚಿಗೆ ಬಂದು ನಿಂತಿತು.

ಮನೆಗೆ ಬಂದವಳು ಚಪ್ಪಲಿ ಬಿಟ್ಟು ನೇರ ಫ್ರಿಜ್ಜಿಗೆ ಹೋದಳು. ಇನ್ನೂ ಬಿಸಿಲಿತ್ತು. ಜಾಡಿಯನ್ನು ಎತ್ತಿ ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು, ತಿಳಿ ನೀರು, ಬಹಳ ನೋಡಿದರೆ ಒಂದಿಷ್ಟು ಹಳದಿ. ಲೋಟಕ್ಕೆ ಬಗ್ಗಿಸಿ ಒಂದು ಗುಟುಕು ಕುಡಿದಳು. ಮೂವತ್ತೆರಡು ವರ್ಷ ಅದರಲ್ಲೇ ಅಡುಗೆ ಮಾಡಿದವಳಿಗೆ ಎರಡನೇ ಗುಟುಕು ಬೇಕಾಗಲಿಲ್ಲ. ಅತ್ತೆ ನೆಲದ ಮೇಲೆ ಕೂತು ಸೌತೆಕಾಯಿ ಹೆಚ್ಚುತ್ತಿದ್ದಳು. ಸೋರಾ ಮತ್ತು ಡೂಸಿಕ್ ಬಾಗಿಲಲ್ಲಿ ನಿಂತರು.

“ಅತ್ತೆ, ಇದೇನು?”

“ನೀರು.”

“ದಸಿಮಾ ಹಾಕಿದ್ರಾ?”

“ಹಾಕ್ದೆ, ತೆಗೆದೆ. ದಿನಾ ನೀವೆಲ್ಲ ಏಳೋ ಮುಂಚೆ ತೆಗೆದು, ಬಟ್ಟೇಲಿ ಎರಡೆರಡು ಸಲ ಸೋಸಿದೀನಿ. ಒಂದು ಎಸಳು ನಿನ್ನ ಬಾಯಿಗೆ ಹೋಗಿಲ್ಲ. ತೆಗೆದ ಮೇಲೆ ಬರೀ ನೀರು ತಾನೆ?”

ಮುದುಕಿ ಸುಳ್ಳು ಹೇಳುತ್ತಿರಲಿಲ್ಲ. ಆ ದ್ವೀಪದ ಯಾವ ಅಡುಗೆಮನೆಯಲ್ಲಿ ಕೇಳಿದರೂ ಇದೇ ಉತ್ತರ ಬರುತ್ತಿತ್ತು. ಅದು ಗೊತ್ತಿದ್ದೂ ಪಿಲ್ಜಾಗೆ ಮೈ ಉರಿಯಿತು, ತಿಂಗಳಿಂದ ತಣ್ಣಗಿದ್ದ ಮೈ.

“ನಲ್ಲಿ ನೀರು ಅಂತ ಕೈಮುಗಿದು ಹೇಳಿದ್ದೆ ಅತ್ತೆ. ನಾಲ್ಕು ವಾರ ಹೆಣದ ಥರ ಬಿದ್ಕೊಂಡಿದ್ದೆ, ಅದಷ್ಟೂ ನೀರುಪಾಲು. ಸೆಪ್ಟೆಂಬರಲ್ಲಿ ಮತ್ತೆ ಹೀಗೇ ಬೀಳ್ಬೇಕು. ನಲ್ಲಿ ತಿರುಗಿಸೋಕೆ ಏನಾಗಿತ್ತು ನಿಮಗೆ?”

ಅತ್ತೆ ಚಾಕುವನ್ನು ಹಲಗೆಯ ಮೇಲೆ ಇಟ್ಟಳು. ಸೌತೆಕಾಯಿಯ ಹೋಳುಗಳನ್ನು ಒಂದು ಬದಿಗೆ ಕೂಡಿಸಿದಳು.

“ತಿರುಗಿಸ್ದೆ. ಮೊದಲನೇ ಸಲ ನಲ್ಲಿ ನೀರಲ್ಲೇ ಮಾಡ್ದೆ. ಬಟ್ಟಲಿಗೆ ಬಗ್ಗಿಸಿ ನೋಡಿದ್ರೆ ಅದೇ ಗಂಜಿ.”

“ಯಾವ ಗಂಜಿ?”

“ಇವಳು ಹುಟ್ಟಿದಾಗ ಇಟ್ಟಿದ್ನಲ್ಲ, ಅದು.” ಅತ್ತೆ ಬಾಗಿಲಲ್ಲಿ ನಿಂತ ಸೋರಾ ಕಡೆ ಗಲ್ಲ ಎತ್ತಿ ತೋರಿಸಿದಳು. “ಒಂದು ಸಲ ಇಟ್ಟಾಯ್ತು. ಎರಡನೇ ಸಲ ನಿನ್ನ ಮುಂದೆ ಇಡೋಕೆ ಕೈ ಬರ್ಲಿಲ್ಲ. ಚೆಲ್ಲಿದೆ.”

ಡೂಸಿಕ್‌ಗೆ ಏನೂ ಅರ್ಥವಾಗಿರಲಿಲ್ಲ, ಆದರೂ ತಲೆಯಾಡಿಸುತ್ತಿದ್ದ. ಪಿಲ್ಜಾ ಲೋಟ ಹಿಡಿದು ನಿಂತೇ ಇದ್ದಳು. ಆ ಬಟ್ಟಲನ್ನು ಇಷ್ಟು ವರ್ಷ ತಾನೊಬ್ಬಳೇ ಹೊತ್ತಿದ್ದೇನೆ ಎಂದುಕೊಂಡಿದ್ದಳು. ಇನ್ನೊಂದು ಕೈಯೂ ಅದನ್ನು ಹಿಡಿದುಕೊಂಡೇ ಇತ್ತು ಎಂದು ಮೂವತ್ತೊಂದು ವರ್ಷದ ಮೇಲೆ ಗೊತ್ತಾಗುತ್ತಿತ್ತು, ಅದೂ ಮೂತ್ರ ಪರೀಕ್ಷೆಯ ಮೂಲಕ. ಸಿಟ್ಟು ಇಳಿಯಿತು ಎಂದರೆ ಸುಳ್ಳಾಗುತ್ತದೆ. ಸಿಟ್ಟು ಇದ್ದಲ್ಲೇ ಇತ್ತು, ಅದನ್ನು ಒಂಚೂರು ಪಕ್ಕಕ್ಕೆ ಸರಿಸಿ ಇನ್ನೇನೋ ಬಂದು ಕೂತಿತು. ಅವಳು ಲೋಟದಲ್ಲಿ ಉಳಿದದ್ದನ್ನು ಗಟಗಟ ಕುಡಿದುಬಿಟ್ಟಳು.

“ಹೇಗೂ ಮಿಯೋಕ್ ಸಾರು ತಿಂದಾಯ್ತು,” ಎಂದಳು. “ಇನ್ನು ನಿಜವಾಗ್ಲೂ ತಿಂತೀನಿ. ಒಲೆ ಹಚ್ಚಿ ಅತ್ತೆ.”

ಮುದುಕಿ ತಲೆಯೆತ್ತಿ ನೋಡಿದಳು, ಸೊಸೆ ತಮಾಷೆ ಮಾಡುತ್ತಿಲ್ಲ ಎಂದು ಖಾತ್ರಿಯಾದ ಮೇಲೆ ಮಂಡಿ ಹಿಡಿದುಕೊಂಡು ಎದ್ದಳು. ಸೋರಾ ಸಹಾಯಕ್ಕೆ ಬಂದರೆ ಮೊಣಕೈಯಿಂದ ದೂರ ತಳ್ಳಿದಳು. ಮಿಯೋಕ್ ನೆನೆಹಾಕಿದಳು, ಹಿಂಡಿದಳು, ಎಳ್ಳೆಣ್ಣೆಯಲ್ಲಿ ಹುರಿದಳು. ಜಾಡಿಯ ನೀರನ್ನೆಲ್ಲ ಪಾತ್ರೆಗೆ ಸುರಿದಳು. ಅಷ್ಟರಲ್ಲಿ ಡೂಸಿಕ್‌ಗೆ ತನ್ನ ಜವಾಬ್ದಾರಿ ನೆನಪಾಯಿತು. ಊರಿನವರು ಕಾಯುತ್ತಿರುತ್ತಾರೆ, ಬೆಳಿಗ್ಗೆ ಏನೆಂದು ಹೇಳಲಿ ಎಂದು ಕೇಳಿದ.

“ಮಿಯೋಕ್ ಸಾರು ತಿಂದ್ಲು ಅಂತ ಹೇಳಿ,” ಎಂದಳು ಪಿಲ್ಜಾ. “ಹೇಗೆ ಬೇಕೋ ಹಾಗೆ ತಿಳ್ಕೊಳ್ಲಿ.”

“ಸೆಪ್ಟೆಂಬರಲ್ಲಿ ಗಂಜಿ ನಾನೇ ಮಾಡ್ಕೋತೀನಿ,” ಎಂದು ಅವಳು ಅತ್ತೆಯ ಬೆನ್ನಿಗೆ ಹೇಳಿದಳು.

“ಮಾಡ್ಕೋ. ನನ್ನ ಕಣ್ಣಿಗೆ ಬೀಳದ ಹಾಗೆ ತಿನ್ನು,” ಅಂದಿತು ಬೆನ್ನು.

ಬಟ್ಟಲು ಬಂತು. ಅತ್ತೆ ಅದನ್ನು ಎರಡು ಕೈಯಲ್ಲಿ ಹಿಡಿದು ತಂದು ಸೊಸೆಯ ಮುಂದೆ ಇಟ್ಟು, ಈ ಸಲ ಎಲ್ಲಿಗೂ ಹೋಗದೆ ಎದುರಿಗೇ ಕೂತಳು. ಪಿಲ್ಜಾ ಒಂದು ಚಮಚೆ ಬಾಯಿಗಿಟ್ಟಳು. ಇನ್ನೊಂದು ಚಮಚೆ ಇಟ್ಟಳು.

“ಉಪ್ಪು ಸಾಲದು ಅತ್ತೆ.”

“ಸಾಲದೇ ಇರುತ್ತೆ,” ಎಂದು ಮುದುಕಿ ಜೇಬಿನಿಂದ ಆಸ್ಪತ್ರೆಯ ಪೊಟ್ಟಣ ತೆಗೆದು ತೋರಿಸಿದಳು. “ಅದು ಹಾಕಿದೀನಿ. ಕಡಲ ಉಪ್ಪು ಆಗಲ್ಲ ಅಂತ ಚೀಟೀಲಿ ಬರ್ದಿದೆಯಲ್ಲ.”

ಪಿಲ್ಜಾ ಪೊಟ್ಟಣವನ್ನು ನೋಡಿದಳು, ಬಟ್ಟಲು ತುಂಬ ತೇಲುತ್ತಿದ್ದ ಮಿಯೋಕ್ ನೋಡಿದಳು. ನಗು ಎಲ್ಲಿಂದ ಬಂತೋ, ಸಾರು ಮೂಗಿಗೆ ಏರಿ, ಕೆಮ್ಮು ಹತ್ತಿ, ಕಣ್ಣಲ್ಲಿ ನೀರು ಸುರಿಯಿತು. ಸೋರಾ ಬೆನ್ನು ತಟ್ಟಿದಳು. ಅತ್ತೆಗೆ ಇದರಲ್ಲಿ ನಗುವಂಥದ್ದು ಏನೂ ಕಾಣಲಿಲ್ಲ, ಚೀಟಿಯನ್ನು ಪಾಲಿಸಿದ್ದೂ ತಪ್ಪಾಯಿತೇ ಎಂದು ಗೊಣಗಿದಳು. ಕೆಮ್ಮು ನಿಂತ ಮೇಲೆ ಪಿಲ್ಜಾ ಬಟ್ಟಲನ್ನು ತಳ ಕಾಣುವವರೆಗೆ ಕುಡಿದು, ಮುಂದಕ್ಕೆ ತಳ್ಳಿದಳು. ಎರಡನೇ ಬಟ್ಟಲಿಗೆ ಮನೆಯ ಕಡಲ ಉಪ್ಪು ಬಿತ್ತು.